ಲೈನ್ ಸ್ಪೀಡ್ ಇಳಿಸಿದೆ, ಲ್ಯಾಗ್ ನಿಂತಿತು

ನಮ್ಮ ಗೇಮಿಂಗ್ ಸೆಂಟರ್‌ನಲ್ಲಿ 22 ಪಿಸಿ, 3 ಕನ್ಸೋಲ್. ಬೆಳಿಗ್ಗೆ ಪಿಂಗ್, ಅಂದರೆ ಸರ್ವರ್‌ಗೆ ಹೋಗಿ ಉತ್ತರ ವಾಪಸ್ ಬರಲು ಹಿಡಿಯುವ ಸಮಯ, 30 ಮಿಲಿಸೆಕೆಂಡ್‌ನ ಆಸುಪಾಸು ಇರುತ್ತಿತ್ತು. ಸಂಜೆ ಆರು ದಾಟಿದರೆ 300, ಕೆಲವೊಮ್ಮೆ 400, ಅಂದರೆ ಆಟ ತಡವರಿಸುವ ಲ್ಯಾಗ್. ಹೆಡ್‌ಸೆಟ್ ತೆಗೆದು ಟೇಬಲ್ ಮೇಲೆ ಕುಕ್ಕುವ ಸದ್ದು ಬಂದರೆ ಸಾಕು, ಕೌಂಟರ್‌ನಲ್ಲಿ ಕೂತೇ ಗೊತ್ತಾಗುತ್ತಿತ್ತು. ಬೈದವರಿಗೆಲ್ಲ ಆ ಗಂಟೆಯ ದುಡ್ಡು ವಾಪಸ್. ಒಂದು ತಿಂಗಳಂತೂ ವಾಪಸ್ ಕೊಟ್ಟಿದ್ದೇ ಇಂಟರ್‌ನೆಟ್ ಬಿಲ್‌ಗಿಂತ ಜಾಸ್ತಿ.

ಎಲ್ಲರೂ ಮಾಡುವುದನ್ನೇ ನಾನೂ ಮೊದಲು ಮಾಡಿದೆ. 100 ಎಂಬಿಪಿಎಸ್ ಇದ್ದದ್ದನ್ನು 200 ಮಾಡಿಸಿದೆ. ನಾಲ್ಕು ದಿನ ಖುಷಿ, ಆಮೇಲೆ ಅದೇ ರಾಗ. ಒಂದು ಪಿಸಿಯಲ್ಲಿ ಸ್ಟೀಮ್ (ಗೇಮ್ ಕೊಳ್ಳುವ, ಇಳಿಸುವ ಆಪ್) ಅಪ್‌ಡೇಟ್ ಶುರುವಾದರೆ ಅದು 100 ಇದ್ದರೆ 100 ನುಂಗುತ್ತದೆ, 200 ಇದ್ದರೆ 200. ಆಮೇಲೆ ಬಣ್ಣಬಣ್ಣದ ಲೈಟ್ ಇರುವ ಗೇಮಿಂಗ್ ರೂಟರ್ ತಂದೆ. ಆ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಪಿಸಿಯೇ ಬರುತ್ತಿತ್ತು. ಲೈಟ್ ಚೆನ್ನಾಗಿ ಉರಿಯಿತು, ಅಷ್ಟೇ.

ಮೂರನೆಯ ತಪ್ಪು ಇನ್ನೂ ದೊಡ್ಡದು. ಎರಡನೇ ಲೈನ್ ಹಾಕಿಸಿ ಲೋಡ್ ಬ್ಯಾಲೆನ್ಸಿಂಗ್ (ಟ್ರಾಫಿಕ್ಕನ್ನು ಎರಡೂ ಲೈನಿಗೆ ಹಂಚುವುದು) ಆನ್ ಮಾಡಿದೆ. ಲಾಗಿನ್ ಒಂದು ಲೈನಿನಲ್ಲಿ ಹೋಗುತ್ತಿತ್ತು, ಮ್ಯಾಚ್ ಇನ್ನೊಂದರಲ್ಲಿ. ಒಬ್ಬನದೇ ಐಪಿ ವಿಳಾಸ ಬೇರೆ ಬೇರೆ ಕಂಡರೆ ಸರ್ವರ್ ಸುಮ್ನೆ ಬಿಡುತ್ತದೆಯೇ? ಆಡುತ್ತಿದ್ದವರನ್ನು ಎತ್ತಿ ಹೊರಗೆ ಹಾಕಿತು. 1ರಿಂದ 11ರವರೆಗಿನ ಪಿಸಿ ಈ ಲೈನು, ಉಳಿದವು ಆ ಲೈನು ಅಂತ ಕಟ್ಟಿದ ಮೇಲೆ ಅದು ನಿಂತಿತು. ಆದರೆ ಸಂಜೆಯ ಲ್ಯಾಗ್ ಎರಡೂ ಕಡೆ ಹಾಗೇ ಇತ್ತು. ಲೈನ್ ವಾಪಸ್ ಮಾಡಿದೆ, ಡೆಪಾಸಿಟ್ ಹೋಯಿತು.

ಆಮೇಲೆ ಒಂದು ರಾತ್ರಿ ಬಾಗಿಲು ಹಾಕಿ ಕೂತೆ. ಎರಡು ಪಿಂಗ್ ಓಡಿಸಿಟ್ಟೆ, ಒಂದು ರೂಟರ್‌ಗೆ, ಇನ್ನೊಂದು ಅದರಾಚೆಯ ಮೊದಲ ಹಾಪ್‌ಗೆ, ಅಂದರೆ ದಾರಿಯಲ್ಲಿ ಮುಂದೆ ಸಿಗುವ ಮೊದಲ ನಿಲ್ದಾಣಕ್ಕೆ. ಒಂದು ಪಿಸಿಯಲ್ಲಿ ಡೌನ್‌ಲೋಡ್ ಹಾಕಿದೆ. ರೂಟರ್ 1 ಮಿಲಿಸೆಕೆಂಡ್‌ನಲ್ಲೇ ಇತ್ತು, ಮೊದಲ ಹಾಪ್ 300ಕ್ಕೆ ಹಾರಿತು. ಅಂದರೆ ಲೈನ್ ತುಂಬಿದಾಗ ಪ್ಯಾಕೆಟ್‌ಗಳು (ಡೇಟಾದ ತುಂಡುಗಳು) ಮೋಡೆಮ್‌ನಲ್ಲೋ ಅದರಾಚೆಯೋ ಕ್ಯೂ ನಿಲ್ಲುತ್ತಿದ್ದವು. ಆ ಕ್ಯೂ ನನ್ನ ಕೈಯಲ್ಲಿರಬೇಕು, ಬೇರೆಯವರ ಡಬ್ಬದಲ್ಲಿ ಅಲ್ಲ.

ಅದಕ್ಕೆ ಬೇಕಾದದ್ದು ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆ ಹಾಕುವ ಉಚಿತ ಸಾಫ್ಟ್‌ವೇರ್), ಅದರಲ್ಲಿ ಕ್ಯೂ ನೋಡಿಕೊಳ್ಳುವ ಎಸ್‌ಕ್ಯುಎಂ, ಎಸ್‌ಕ್ಯುಎಂ ಬಳಸುವ ಕ್ಯೂ ವಿಧಾನ ಕೇಕ್. ಮೊದಲು ಹಳೇ ರೂಟರ್‌ನಲ್ಲಿ ಹಾಕಿದೆ, ಪ್ರೊಸೆಸರ್ ಸಾಲದೆ 90 ಎಂಬಿಪಿಎಸ್ ಹತ್ತಿರ ಉಸಿರು ಬಿಟ್ಟಿತು. ಮೂಲೆಯಲ್ಲಿ ಧೂಳು ಹಿಡಿದಿದ್ದ ಪಿಸಿಗೆ ಇನ್ನೊಂದು ಲ್ಯಾನ್ ಕಾರ್ಡ್ ಹಾಕಿ ಅದನ್ನೇ ರೂಟರ್ ಮಾಡಿದೆ. ಡೌನ್‌ಲೋಡ್ 170ಕ್ಕೆ ಕಟ್ಟಿದೆ, ಅಪ್‌ಲೋಡ್ 50 ಇದ್ದದ್ದನ್ನು 42ಕ್ಕೋ 43ಕ್ಕೋ. ಲೈನಿನ ಸ್ಪೀಡಿಗಿಂತ ಕಡಿಮೆ ಇಟ್ಟರೆ ಲೈನ್ ತುಂಬುವುದಿಲ್ಲ, ಕ್ಯೂ ನನ್ನ ರೂಟರ್‌ನಲ್ಲೇ ನಿಲ್ಲುತ್ತದೆ.

ಇದೇ ವ್ಯಾಪಾರದ ಗೆಳೆಯನೊಬ್ಬ ನೋಡಿ ನಕ್ಕ. “ದುಡ್ಡು ಕೊಟ್ಟು ತಗೊಂಡ ಸ್ಪೀಡನ್ನ ನೀನೇ ಕಟ್ ಮಾಡ್ತೀಯಾ? ತಲೆ ಕೆಟ್ಟಿದ್ಯಾ?” ಮೊದಲ ಸಂಜೆ ಅವನ ಮಾತೇ ನಿಜ ಅನ್ನಿಸಿತು, ಏಕೆಂದರೆ ಒಂದೇ ಪಿಸಿಯ ಡೌನ್‌ಲೋಡ್ ಹತ್ತಾರು ಕನೆಕ್ಷನ್ ತೆರೆದು ಎಲ್ಲರ ಪಾಲನ್ನೂ ಕಸಿಯುತ್ತಿತ್ತು. ನ್ಯಾಟ್ ಅಂದರೆ ಎಲ್ಲ ಪಿಸಿಯೂ ಹೊರಗೆ ಒಂದೇ ಐಪಿಯಲ್ಲಿ ಹೋಗುವುದು; ಕೇಕ್‌ನಲ್ಲಿ ಆ ನ್ಯಾಟ್ ಆಯ್ಕೆ ಹಾಕಿರಲಿಲ್ಲ, ಹಾಗಾಗಿ ಅದಕ್ಕೆ 22 ಪಿಸಿಯೂ ಒಂದೇ ಪಿಸಿಯಂತೆ ಕಾಣುತ್ತಿತ್ತು. ಅದನ್ನು ಹಾಕಿ, ಪ್ರತಿ ಪಿಸಿಗೂ ಸಮಪಾಲು ಮಾಡಿದೆ. ಮರುದಿನ ಸಂಜೆ ಎಲ್ಲ ಸೀಟೂ ಭರ್ತಿ, ಎರಡು ಕಡೆ ಅಪ್‌ಡೇಟ್ ಓಡುತ್ತಿದೆ, ಪಿಂಗ್ 40 ದಾಟಲಿಲ್ಲ. ನಾನಂತೂ ಕಾಲರ್ ಎತ್ತಿಕೊಂಡೇ ಓಡಾಡಿದೆ.

14ನೇ ಪಿಸಿ ಮಾತ್ರ ಮಾತು ಕೇಳಲಿಲ್ಲ. ಮೂರು ದಿನ ವಿಂಡೋಸ್, ಡ್ರೈವರ್ ಅಂತ ಒದ್ದಾಡಿದೆ. ಕೊನೆಗೆ ನೋಡಿದರೆ ಲಿಂಕ್ ಗಿಗಾಬಿಟ್ (1000 ಎಂಬಿಪಿಎಸ್) ಬದಲು 100ಕ್ಕೆ ನಿಂತಿದೆ. ಕುರ್ಚಿಯ ಚಕ್ರ ಹತ್ತಿ ಹತ್ತಿ ಕೇಬಲ್‌ನ ಒಂದು ಜೋಡಿ ತಂತಿ ತುಂಡಾಗಿತ್ತು, ಉಳಿದದ್ದೂ ನೆಟ್ಟಗಿರಲಿಲ್ಲ. ಹೊಸ ಕೇಬಲ್, ಹತ್ತು ನಿಮಿಷದ ಕೆಲಸ.

ಕನ್ಸೋಲ್‌ಗಳದ್ದು ಬೇರೆಯೇ ಗೋಳು, ಮೂರಕ್ಕೂ ಸ್ಟ್ರಿಕ್ಟ್ ನ್ಯಾಟ್, ಅಂದರೆ ಹೊರಗಿನ ಆಟಗಾರರು ನೇರವಾಗಿ ಕನೆಕ್ಟ್ ಆಗಲು ಬಿಡದ ಸ್ಥಿತಿ; ಬೇಕಿದ್ದದ್ದು ಓಪನ್. ಯುಪಿಎನ್‌ಪಿ (ಕನ್ಸೋಲ್ ಕೇಳಿದ ಪೋರ್ಟನ್ನು, ಅಂದರೆ ಡೇಟಾ ಒಳಬರುವ ಬಾಗಿಲನ್ನು, ರೂಟರ್ ತಾನೇ ತೆರೆಯುವ ಸೌಲಭ್ಯ) ಆನ್ ಮಾಡಿದರೂ ಅಲುಗಾಡಲಿಲ್ಲ. ವ್ಯಾನ್ ಐಪಿ (ರೂಟರ್‌ನ ಹೊರಗಡೆಯ ವಿಳಾಸ) ನೋಡಿದರೆ 100.64ರ ಸಾಲಿನದ್ದು, ಅಂದರೆ ಸಿಜಿ-ನ್ಯಾಟ್: ಇಂಟರ್‌ನೆಟ್ ಕಂಪನಿಯೇ ಹಲವು ಗ್ರಾಹಕರಿಗೆ ಒಂದೇ ಪಬ್ಲಿಕ್ ಐಪಿ ಹಂಚುವುದು. ನಮ್ಮ ಕಡೆ ಎಷ್ಟು ಪೋರ್ಟ್ ತೆರೆದರೇನು, ಬಾಗಿಲು ಅವರ ಕಡೆ ಮುಚ್ಚಿದೆ ಅಲ್ವಾ. ತಿಂಗಳಿಗೆ ಸ್ವಲ್ಪ ಜಾಸ್ತಿ ಕೊಟ್ಟು ನಮಗೇ ಅಂತ ಪಬ್ಲಿಕ್ ಐಪಿ ತಗೊಂಡೆ, ಮೋಡೆಮ್ ಬ್ರಿಜ್ ಮೋಡ್‌ಗೆ (ಬರೀ ಸಿಗ್ನಲ್ ದಾಟಿಸುವಂತೆ) ಹಾಕಿಸಿದೆ. ಒಂದು ಕನ್ಸೋಲ್ ಓಪನ್ ಆಯಿತು. ಕಾಲ್ ಆಫ್ ಡ್ಯೂಟಿ ಹಾಕಿದರೆ ಮೂರೂ ಅದೇ 3074 ಪೋರ್ಟ್‌ಗೆ ಜಗಳ. ಈಗ ಮೂರೂ ಓಪನ್. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಎರಡು ವಾರ ನಿದ್ದೆ ಕೆಟ್ಟಿದ್ದೇನೆ.

ಇದರ ನಡುವೆ ಲ್ಯಾನ್‌ಕ್ಯಾಶ್ (ಇಳಿದ ಅಪ್‌ಡೇಟ್‌ನ ಪ್ರತಿಯನ್ನು ನಮ್ಮಲ್ಲೇ ಉಳಿಸಿಕೊಳ್ಳುವ ಸಾಫ್ಟ್‌ವೇರ್) ಕೂಡ ಹಾಕಿ ನೋಡಿದೆ. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಐದಾರು ಪಿಸಿ ಒಟ್ಟಿಗೆ ಕೇಳಿದರೆ ತೆವಳುತ್ತಿತ್ತು, ಎಸ್‌ಎಸ್‌ಡಿ ಹಾಕಿದ ಮೇಲೆ ಒಂದು ಪಿಸಿಗೆ ಇಳಿದ ಅಪ್‌ಡೇಟ್ ಉಳಿದವಕ್ಕೆ ಲ್ಯಾನ್ ಸ್ಪೀಡಿನಲ್ಲಿ ಬರುತ್ತದೆ. ಆ ಎಸ್‌ಎಸ್‌ಡಿ ದುಡ್ಡು ದಂಡ ಅಲ್ಲ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಮಾಡಿ ನೋಡಿದೆ, ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಈಗ ತಿಂಗಳಿಗೆ ವಾಪಸ್ ಕೊಡುವುದು ಒಂದೆರಡು ಗಂಟೆಯ ದುಡ್ಡು, ಅದೂ ಕರೆಂಟ್ ಹೋದಾಗ. ನಕ್ಕಿದ್ದ ಗೆಳೆಯ ಹೋದ ವಾರ ಪೆನ್‌ಡ್ರೈವ್ ಹಿಡಿದು ಬಂದಿದ್ದ. ರೂಟರ್‌ನ ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಕೊಟ್ಟೆ, ಕನ್ಸೋಲ್ ಭಾಗ ಅಳಿಸಿ ಕೊಟ್ಟೆ.