ವಿಮ್ ಕಮಾಂಡ್ ಲೈನಿನಲ್ಲಿ %, # ಮತ್ತು *: ಫೈಲ್ ಹೆಸರು ಹೇಗೆ ಬಿಡಿಸಿಕೊಳ್ಳುತ್ತದೆ

ವಿಮ್ ಒಂದು ಟೆಕ್ಸ್ಟ್ ಎಡಿಟರ್, ಅದರಲ್ಲಿ ಕೋಲನ್ ಒತ್ತಿದಾಗ ಕೆಳಗೆ ತೆರೆಯುವ ಸಾಲೇ ಕಮಾಂಡ್ ಲೈನ್. ಈ ಬರಹದಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ನೀವು ಒತ್ತಬೇಕಾದದ್ದು ಅದೇ ಉಚ್ಚಾರದ ಇಂಗ್ಲಿಷ್ ಸಣ್ಣಕ್ಷರ. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದೇ ಹೇಳಿದೆ.

ಫೈಲ್ ಹೆಸರು ಕೇಳುವ ಕಮಾಂಡ್‌ನಲ್ಲಿ % ಬರೆದರೆ ಈಗ ತೆರೆದಿರುವ ಫೈಲಿನ ಹೆಸರು ಅಲ್ಲಿ ಬಂದು ಕೂರುತ್ತದೆ. # ಬರೆದರೆ ಅದಕ್ಕೂ ಮೊದಲು ನೋಡುತ್ತಿದ್ದ ಫೈಲಿನದು, #3 ಎಂದರೆ 3ನೇ ಸಂಖ್ಯೆಯ ಬಫರಿನದು (ತೆರೆದ ಒಂದೊಂದು ಫೈಲನ್ನೂ ವಿಮ್ ಸಂಖ್ಯೆ ಕೊಟ್ಟು ಇಟ್ಟುಕೊಳ್ಳುವ ಜಾಗವೇ ಬಫರ್). ಹಾಗಾಗಿ

`:ಡಬ್ಲ್ಯೂ %.ಬ್ಯಾಕ್`

ಎಂದರೆ ಮೇನ್.ಸಿ ಫೈಲಿನ ಪ್ರತಿ ಮೇನ್.ಸಿ.ಬ್ಯಾಕ್ ಆಗಿ ಉಳಿಯುತ್ತದೆ. ಫೈಲಿಗೆ ಇನ್ನೂ ಹೆಸರೇ ಇಡದಿದ್ದರೆ ಇ499 ದೋಷ ಬರುತ್ತದೆ. ಹಿಂದಿನ ಫೈಲ್ ಇಲ್ಲದೆ # ಬಳಸಿದರೆ ಇ194.

ನಿಜವಾದ ಅನುಕೂಲ ಇರುವುದು ಹೆಸರಿನ ಬೇಕಾದ ತುಂಡನ್ನಷ್ಟೇ ತೆಗೆದುಕೊಳ್ಳುವುದರಲ್ಲಿ. % ಆದಮೇಲೆ ಕೋಲನ್ ಹಾಕಿ ಒಂದು ಅಕ್ಷರ ಸೇರಿಸಿ. ತೆರೆದಿರುವುದು ಸೋರ್ಸ್/ಮೇನ್.ಸಿ ಎಂದಿಟ್ಟುಕೊಳ್ಳಿ:

`%:ಪಿ` – ರೂಟ್‌ನಿಂದ ಶುರುವಾಗುವ ಪೂರ್ತಿ ಪಾತ್
`%:ಎಚ್` – ಸೋರ್ಸ್ (ಫೋಲ್ಡರ್ ಮಾತ್ರ)
`%:ಟಿ` – ಮೇನ್.ಸಿ
`%:ಆರ್` – ಸೋರ್ಸ್/ಮೇನ್
`%:ಇ` – ಸಿ

ಇವನ್ನು ಒಂದರ ಹಿಂದೊಂದು ಪೋಣಿಸಬಹುದು: `%:ಟಿ:ಆರ್` ಎಂದರೆ ಬರೀ ಮೇನ್. ಪಿ ಬಳಸುವುದಾದರೆ ಅದೇ ಮೊದಲು ಬರಬೇಕು. ಆರ್ ಒಂದು ಸಲಕ್ಕೆ ಒಂದೇ ಎಕ್ಸ್‌ಟೆನ್ಶನ್ ಕಳಚುತ್ತದೆ, ಹೆಸರಿನ ಕೊನೆಗೆ .ಟಾರ್.ಜಿಜೆಡ್ ಇದ್ದರೆ `:ಆರ್:ಆರ್` ಬೇಕು. ದಿನಾ ಕೈಗೆ ಬರುವುದು ಇವೆರಡು:

`:ಇ %:ಎಚ್/ಯುಟಿಲ್.ಸಿ` – ಅದೇ ಫೋಲ್ಡರಿನ ಇನ್ನೊಂದು ಫೈಲ್ ತೆರೆಯಲು
`:ಎಲ್‌ಸಿಡಿ %:ಪಿ:ಎಚ್` – ಈ ವಿಂಡೋಗೆ ಮಾತ್ರ ಆ ಫೋಲ್ಡರಿಗೆ ಹೋಗಲು

ಎಂಟರ್ ಒತ್ತುವ ಮೊದಲು ಏನು ಬರುತ್ತದೆಂದು ನೋಡಿಕೊಳ್ಳುವ ರೂಢಿ ಇರಲಿ. `:ಇ %:ಎಚ್` ಬರೆದು ಟ್ಯಾಬ್ ಒತ್ತಿದರೆ ನಿಜವಾದ ಹೆಸರು ಅಲ್ಲೇ ಕಾಣುತ್ತದೆ. ಕಂಟ್ರೋಲ್-ಆರ್ ಒತ್ತಿ % ಒತ್ತಿದರೂ ಫೈಲಿನ ಹೆಸರು ಕಮಾಂಡ್ ಲೈನಿಗೆ ಬರುತ್ತದೆ. ಕಂಟ್ರೋಲ್-ಡಿ ಹೊಂದುವ ಹೆಸರುಗಳನ್ನೆಲ್ಲ ಪಟ್ಟಿ ಮಾಡುತ್ತದೆ.

* ಮತ್ತು ? ಶೆಲ್‌ನಲ್ಲಿದ್ದಂತೆಯೇ (ಶೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ಗೆ ಕಮಾಂಡ್ ಕೊಡುವ ಪ್ರೋಗ್ರಾಂ): * ಎಷ್ಟು ಅಕ್ಷರಗಳಿಗಾದರೂ, ? ಒಂದೇ ಅಕ್ಷರಕ್ಕೆ ಹೊಂದುತ್ತದೆ.  ** ಒಳಗಿನ ಫೋಲ್ಡರ್‌ಗಳಿಗೂ ಇಳಿಯುತ್ತದೆ. `:ಇ *.ಸಿ` ಎಂದಾಗ ಒಂದಕ್ಕಿಂತ ಹೆಚ್ಚು ಫೈಲ್ ಸಿಕ್ಕರೆ ಇ77 ದೋಷ, ಏಕೆಂದರೆ ಆ ಕಮಾಂಡ್ ಒಂದೇ ಹೆಸರು ಒಪ್ಪುತ್ತದೆ. ಹಲವು ಬೇಕಿದ್ದರೆ `:ಆರ್ಗ್ಸ್ **/*.ಸಿ` ಬಳಸಿ. ಹೆಸರಿನಲ್ಲೇ [ ಇದ್ದರೆ ಅದಕ್ಕೆ ಮೊದಲು \ ಹಾಕಬೇಕು. ವಿಂಡೋಸ್‌ನಲ್ಲಿ \ ಎಂಬುದೇ ಫೋಲ್ಡರ್ ಗುರುತಾದ್ದರಿಂದ ಅಲ್ಲಿ [ ಬದಲು [[] ಎಂದು ಬರೆಯಿರಿ.

ಅತಿ ಹೆಚ್ಚು ತೊಂದರೆ ಆಗುವುದು :! ಬಳಸಿ ಶೆಲ್ ಕಮಾಂಡ್ ಓಡಿಸುವಾಗ. ಇದನ್ನು ನೋಡಿ:

`:!ಡೇಟ್ +%ಡಿ`

ತಾರೀಖು ಬರುವ ಬದಲು ತೆರೆದಿರುವ ಫೈಲಿನ ಹೆಸರು, ಅದಕ್ಕೆ ಅಂಟಿಕೊಂಡ ಒಂದು ಡಿ ತೆರೆಯ ಮೇಲೆ ಬರುತ್ತದೆ. ಶೆಲ್‌ಗೆ ಕೊಡುವ ಮುಂಚೆಯೇ ವಿಮ್ % ಅನ್ನು ಬದಲಿಸಿಬಿಟ್ಟಿರುತ್ತದೆ. ಉದ್ಧರಣ ಚಿಹ್ನೆ ಹಾಕಿದರೂ ಪ್ರಯೋಜನವಿಲ್ಲ, ಅದನ್ನು ಗಮನಿಸುವುದು ಶೆಲ್, ವಿಮ್ ಅಲ್ಲ. `:!ಗ್ರೆಪ್ '#ಇನ್‌ಕ್ಲೂಡ್' %` ಕೆಡುವುದೂ ಇದೇ ಕಾರಣಕ್ಕೆ: # ಜಾಗಕ್ಕೆ ಹಿಂದಿನ ಫೈಲ್ ಬಂದಿರುತ್ತದೆ. ಸರಿಯಾದ ರೂಪ ಇದು:

`:!ಡೇಟ್ +\%ಡಿ`
`:!ಗ್ರೆಪ್ '\#ಇನ್‌ಕ್ಲೂಡ್' %`

ಆ ಒಂದು \ ಅನ್ನು ವಿಮ್ ತೆಗೆದುಹಾಕಿ ಉಳಿದದ್ದನ್ನು ಶೆಲ್‌ಗೆ ಕೊಡುತ್ತದೆ. ಇಲ್ಲಿ ! ಕೂಡ ವಿಶೇಷವೇ, ಅದರ ಜಾಗಕ್ಕೆ ಹಿಂದೆ ಓಡಿಸಿದ ಶೆಲ್ ಕಮಾಂಡ್ ಬರುತ್ತದೆ. ಹಾಗಾಗಿ ಅದಕ್ಕೂ \! ಎಂದೇ ಬರೆಯಬೇಕು.

ಹೆಸರಿನಲ್ಲಿ ಸ್ಪೇಸ್ ಇದ್ದರೆ ಶೆಲ್ ಅದನ್ನು ಎರಡು ಫೈಲ್ ಎಂದುಕೊಳ್ಳುತ್ತದೆ. ಅದಕ್ಕೆ ಕೊನೆಯಲ್ಲಿ ದೊಡ್ಡಕ್ಷರದ ಎಸ್ ಸೇರಿಸಿ: `:!ಎಲ್‌ಎಸ್ -ಎಲ್ %:ಎಸ್`. ಬೇರೆ ಅಕ್ಷರಗಳಿದ್ದರೆ ಎಸ್ ಎಲ್ಲಕ್ಕಿಂತ ಕೊನೆಗೆ. ಉದ್ಧರಣ ಚಿಹ್ನೆಯನ್ನು ಅದೇ ಸೇರಿಸುವುದರಿಂದ ನೀವು ಮತ್ತೆ ಹಾಕಬೇಡಿ.

| ಚಿಹ್ನೆ ಸಾಮಾನ್ಯವಾಗಿ ಎರಡು ವಿಮ್ ಕಮಾಂಡ್‌ಗಳನ್ನು ಬೇರ್ಪಡಿಸುತ್ತದೆ, ಆದರೆ :! ಆದಮೇಲೆ ಅದು ಶೆಲ್‌ಗೇ ಹೋಗುತ್ತದೆ. ಆದ್ದರಿಂದ :! ಮುಗಿದ ಮೇಲೆ ಅದೇ ಸಾಲಿನಲ್ಲಿ ಇನ್ನೊಂದು ವಿಮ್ ಕಮಾಂಡ್ ಸೇರಿಸಲು ಹೋಗಬೇಡಿ.

ಸ್ಕ್ರಿಪ್ಟ್ ಬರೆಯುವಾಗ ನಿಯಮ ಬೇರೆ. `:ಎಕೋ %` ನಡೆಯುವುದಿಲ್ಲ, ಅಲ್ಲಿ ಬೇಕಿರುವುದು ಎಕ್ಸ್‌ಪ್ರೆಶನ್, ಫೈಲ್ ಹೆಸರಲ್ಲ. `:ಎಕೋ ಎಕ್ಸ್‌ಪ್ಯಾಂಡ್('%:ಪಿ')` ಎನ್ನಿ. ವೇರಿಯಬಲ್‌ನಲ್ಲಿರುವ ಹೆಸರನ್ನು ತೆರೆಯುವಾಗ ಹಾಗೇ ಅಂಟಿಸಬೇಡಿ, ಅದರೊಳಗೆ % ಅಥವಾ # ಇದ್ದರೆ ಮತ್ತೆ ಬಿಡಿಸಿಕೊಳ್ಳುತ್ತದೆ:

`ಎಕ್ಸಿಕ್ಯೂಟ್ 'ಎಡಿಟ್ ' . ಎಫ್‌ನೇಮ್‌ಎಸ್ಕೇಪ್(ಹೆಸರು)`

ಅದೇ ಹೆಸರು :! ಗೆ ಹೋಗುವುದಾದರೆ `ಶೆಲ್‌ಎಸ್ಕೇಪ್(ಹೆಸರು, 1)` ಬಳಸಿ. ಕೊನೆಯ 1 ಬಿಟ್ಟರೆ ಹೆಸರಿನೊಳಗಿನ %, # ಮತ್ತು ! ಹಿಂದೆ \ ಬೀಳುವುದಿಲ್ಲ.