ಲಿಂಗಾನ್ ಬಿಡಿಸುವ ಮುಂಚೆ ಎಲೆ ತಿರುವಿ ನೋಡಿ

ಸ್ವೀಡನ್ನಿನ ಕಾಡಿನಲ್ಲಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ ನೆಲಕ್ಕೆ ಕೆಂಪು ಮಣಿ ಚೆಲ್ಲಿದ ಹಾಗಿರುತ್ತದೆ. ಅದೇ ಲಿಂಗಾನ್ ಎನ್ನುವ ಕಾಡುಹಣ್ಣು. ಇಲ್ಲಿಗೆ ಕೆಲಸಕ್ಕೆ ಬಂದ ನಮ್ಮ ಕನ್ನಡದವರಲ್ಲಿ ಎಷ್ಟೋ ಜನ ಇದನ್ನು ಅಂಗಡಿಯ ಬಾಟಲಿಯಲ್ಲಷ್ಟೇ ನೋಡಿರುತ್ತಾರೆ. ಕಾಡುಹಣ್ಣನ್ನು ಯಾರು ಬೇಕಾದರೂ ಬಿಡಿಸಿಕೊಳ್ಳಬಹುದು, ಇಲ್ಲಿ ಅದು ಎಲ್ಲರ ಹಕ್ಕು. ಯಾರದೋ ಮನೆಯಂಗಳಕ್ಕೆ, ಬೆಳೆ ನಿಂತ ಹೊಲಕ್ಕೆ ಮಾತ್ರ ಕಾಲಿಡಬೇಡಿ. ಸಂರಕ್ಷಿತ ಕಾಡಾದರೆ ಬಾಗಿಲಲ್ಲಿರುವ ಬೋರ್ಡ್ ಓದಿ ಒಳಗೆ ಹೋಗಿ.

ಮೊದಲು ಗಿಡದ ಗುರುತು ಹಿಡಿಯಬೇಕು. ಹಣ್ಣು ಕೆಂಪಗಿದೆ ಅಂತ ಕೈ ಹಾಕಬೇಡಿ, ಕಾಡಲ್ಲಿ ಕೆಂಪು ಹಣ್ಣು ಬೇರೆಯೂ ಇವೆ, ಅದರಲ್ಲಿ ಲಿಲಿ ಆಫ್ ದಿ ವ್ಯಾಲಿ ಎನ್ನುವ ಹೂಗಿಡದ ಹಣ್ಣಂತೂ ವಿಷ. ಲಿಂಗಾನ್ ಗಿಡ ಒಂದು ಗೇಣು ಎತ್ತರ ಬಂದರೆ ಹೆಚ್ಚು. ಒಂದು ಎಲೆ ಕಿತ್ತು ಬೆರಳಲ್ಲಿ ಹಿಡಿಯಿರಿ. ದಪ್ಪಗೆ, ತೊಗಲಿನ ಹಾಗಿರುತ್ತದೆ, ಮೇಲೆ ಹೊಳಪು, ಅಂಚು ಸ್ವಲ್ಪ ಕೆಳಕ್ಕೆ ಮಡಚಿಕೊಂಡಿರುತ್ತದೆ. ಈಗ ಅದನ್ನು ತಿರುವಿ. ಹಿಂಬದಿ ಮಾಸಲು ಹಸಿರು, ಅದರ ಮೇಲೆ ಪೆನ್ನಿನ ತುದಿಯಲ್ಲಿ ಚುಕ್ಕಿ ಇಟ್ಟ ಹಾಗೆ ಕಂದು ಚುಕ್ಕಿಗಳು. ಆ ಚುಕ್ಕಿ ಇದ್ದರೆ ಲಿಂಗಾನ್. ಇದರ ಜೊತೆ ಜಾಸ್ತಿ ಗೊಂದಲ ಮಾಡುವುದು ಬೇರ್‌ಬೆರಿ ಎನ್ನುವ ಇನ್ನೊಂದು ಕೆಂಪು ಹಣ್ಣಿನ ಗಿಡ. ಅದರ ಎಲೆಯ ಹಿಂದೆ ಚುಕ್ಕಿ ಇಲ್ಲ, ಬಲೆಯಂತೆ ನರಗಳಷ್ಟೇ, ಹಣ್ಣು ಬಾಯಿಗಿಟ್ಟರೆ ಹಿಟ್ಟು ಹಿಟ್ಟು.

ಇನ್ನೊಂದು ಅನುಕೂಲ ಹೇಳಲೇಬೇಕು. ಪಕ್ಕದಲ್ಲೇ ಬೆಳೆಯುವ ಕಾಡಿನ ಬ್ಲೂಬೆರಿ ಚಳಿಗಾಲಕ್ಕೆ ಎಲೆ ಉದುರಿಸಿಬಿಡುತ್ತದೆ, ಲಿಂಗಾನ್ ಮಾತ್ರ ಹಿಮದಡಿಯಲ್ಲೂ ಹಸಿರಾಗಿಯೇ ಇರುತ್ತದೆ. ಹಾಗಾಗಿ ಹಣ್ಣಿಲ್ಲದ ತಿಂಗಳಲ್ಲೂ ವಾಕಿಂಗ್ ಹೋದಾಗ ಜಾಗ ನೋಡಿಟ್ಟುಕೊಳ್ಳಬಹುದು, ಅಲ್ವಾ? ಪೈನ್ ಮರಗಳ ನಡುವೆ ಬಿಸಿಲು ಬೀಳುವ, ಒಣಗಿದ ಜಾಗ ಹುಡುಕಿ. ದಟ್ಟ ನೆರಳಲ್ಲಿ ಗಿಡ ಇರುತ್ತದೆ, ಹಣ್ಣು ಕಡಿಮೆ.

ಬಿಡಿಸುವಾಗ ಪೂರ್ತಿ ಕೆಂಪಾದ ಗೊಂಚಲು ನೋಡಿ. ಒಂದು ಮಗ್ಗುಲು ಬಿಳಿ ಇದ್ದರೆ ಬಿಟ್ಟುಬಿಡಿ. ಬಾಚಣಿಗೆಯಂಥ ಹಲ್ಲಿರುವ ಡಬ್ಬಿ ಸಿಗುತ್ತದೆ, ಅದನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿ, ಜೋರಾಗಿ ಎಳೆದರೆ ರೆಂಬೆ ಸಮೇತ ಬರುತ್ತದೆ. ಉದ್ದ ಪ್ಯಾಂಟ್ ಹಾಕಿ, ಮನೆಗೆ ಬಂದ ಮೇಲೆ ಮೈಮೇಲೆ ರಕ್ತ ಹೀರುವ ಉಣ್ಣೆ ಹುಳ (ಟಿಕ್) ಹತ್ತಿದೆಯಾ ನೋಡಿಕೊಳ್ಳಿ.

ಮನೆಯಲ್ಲಿ ಮೊರ ಇದ್ದರೆ ಅಕ್ಕಿ ಕೇರಿದ ಹಾಗೆ ಕೇರಿ, ಎಲೆ ಹಾರಿಹೋಗುತ್ತದೆ, ಹಣ್ಣು ಗಟ್ಟಿ ಇರುವುದರಿಂದ ಒಡೆಯುವುದಿಲ್ಲ. ತೊಳೆದು ನೀರು ಬಸಿದು, ಅರ್ಧ ಕೆಜಿ ಹಣ್ಣಿಗೆ ಸುಮಾರು 200 ಗ್ರಾಂ ಸಕ್ಕರೆ ಹಾಕಿ ಮರದ ಸೌಟಿನಲ್ಲಿ ಕಲಸಿ. ಒಲೆ ಹಚ್ಚುವುದೇ ಬೇಡ. ಅರ್ಧ ಗಂಟೆ ಬಿಟ್ಟು ಮತ್ತೆ ಕಲಸಿ, ಸಕ್ಕರೆ ಕರಗುವವರೆಗೂ ಹೀಗೇ ಮಾಡಿ. ಕೆಲವು ಹಣ್ಣು ಒಡೆದು ರಸ ಬಿಡುತ್ತದೆ, ಕೆಲವು ಹಾಗೇ ಉಳಿದು ಬಾಯಲ್ಲಿ ಪಟ್ ಅನ್ನುತ್ತದೆ. ಇಲ್ಲಿಯವರು ಇದನ್ನು ಮಾಂಸದುಂಡೆ, ಆಲೂಗಡ್ಡೆ ಪ್ಯಾನ್‌ಕೇಕ್ ಜೊತೆ ತಿನ್ನುತ್ತಾರೆ. ನನಗೆ ಬಿಸಿ ದೋಸೆಗೆ ನಂಚಿಕೊಳ್ಳುವುದು ಇಷ್ಟ, ಹುಳಿ, ಸಿಹಿ, ಕೊನೆಗೊಂದು ಸಣ್ಣ ಕಹಿ.

ಸಕ್ಕರೆ ಬೇಡ ಅನ್ನುವವರು ಶುದ್ಧವಾದ ಗಾಜಿನ ಬಾಟಲಿಗೆ ಹಣ್ಣು ತುಂಬಿ, ಕುದಿಸಿ ಆರಿಸಿದ ನೀರನ್ನು ಹಣ್ಣು ಮುಳುಗುವಷ್ಟು ಹಾಕಿ ಫ್ರಿಜ್ಜಿನಲ್ಲಿಡಿ. ಹಣ್ಣಲ್ಲೇ ಬೆಂಜೋಯಿಕ್ ಆಮ್ಲ ಇರುವುದರಿಂದ ತಿಂಗಳುಗಟ್ಟಲೆ ಕೆಡುವುದಿಲ್ಲ.