ಕೀಲಿಕೈ, ಉಳ್ಳಾಗಡ್ಡಿ, ಗೋಡೆ ಗಡಿಯಾರ: ಶಾಲೆಗಳಲ್ಲಿ ಮೂರ್ಛೆರೋಗದ ತರಬೇತಿ ನಡೆಸಿದ ನನ್ನ ಅನುಭವ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ನಾನು ವೈದ್ಯಾಧಿಕಾರಿ. ಮೂರ್ಛೆರೋಗದ ಪ್ರಥಮ ಚಿಕಿತ್ಸೆ ಕುರಿತು ಶಿಕ್ಷಕರಿಗೆ ನಾನು ಕೊಟ್ಟ ಮೊದಲ ತರಬೇತಿ ಕಾಗದದ ಮೇಲೆ ಬಹಳ ಚೆನ್ನಾಗಿ ನಡೆದಿತ್ತು. ಕ್ಲಸ್ಟರಿನ ಶಿಕ್ಷಕರೆಲ್ಲ ಒಂದೇ ಸಭಾಂಗಣದಲ್ಲಿ ಸೇರಿದ್ದರು, ಪ್ರೊಜೆಕ್ಟರ್ ಇತ್ತು, ಆರಂಭಕ್ಕೂ ಕೊನೆಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಅಂಕ ಹಾಕಿದ್ದೆವು. ಕೊನೆಯ ಪತ್ರಿಕೆಯಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಪೂರ್ತಿ ಅಂಕ.

ಮೂರು ವಾರ ಕಳೆದಿರಲಿಲ್ಲ, ಅದೇ ಕ್ಲಸ್ಟರಿನ ಒಂದು ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಿದ್ದ ಹುಡುಗನಿಗೆ ಫಿಟ್ಸ್ ಬಂತು. ನಾಲ್ಕು ಜನ ಅವನ ಕೈಕಾಲು ಅದುಮಿ ಹಿಡಿದರು, ಒಬ್ಬರು ಕಪಾಟಿನ ಕೀಲಿಕೈ ಗೊಂಚಲನ್ನು ಮುಷ್ಟಿಗೆ ತುರುಕಿದರು, ಅಡುಗೆ ಕೋಣೆಯಿಂದ ಒಡೆದ ಉಳ್ಳಾಗಡ್ಡಿ ಬಂತು, ಇನ್ನೊಬ್ಬರು ಹಲ್ಲುಗಳ ನಡುವೆ ಸ್ಟೀಲ್ ಚಮಚ ಇಟ್ಟರು. ನನ್ನ ಬಳಿ ಕರೆತಂದಾಗ ಅವನ ಮೇಲಿನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಚಮಚ ಇಟ್ಟವರು ನನ್ನ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಪಡೆದ ಶಿಕ್ಷಕರೇ. "ಗೊತ್ತಿತ್ತರೀ ಮೇಡಂ, ಆದ್ರ ಹುಡುಗ ಹಂಗ ಒದ್ದಾಡೂದು ನೋಡಿ ಕೈ ತಾನ ಮುಂದ ಹೋತು" ಎಂದರು. ಅವರ ಮೇಲೆ ಸಿಟ್ಟಾಗಲು ನನಗೆ ಮುಖವಿರಲಿಲ್ಲ. ಕೈಗೆ ಅಭ್ಯಾಸ ಕೊಡದೆ ಅಂಕ ಹಾಕಿ ಕಳಿಸಿದವಳು ನಾನೇ.

ಮತ್ತೆ ಶಾಲೆಗಳಿಗೆ ಹೋಗುವ ಮೊದಲು ನಮ್ಮ ಸಿಬ್ಬಂದಿಯನ್ನೇ ಕೂಡಿಸಿ ಕೇಳಿದೆ. ಬಾಯಿಂದ ಬರುವ ನೊರೆ ತಾಗಿದರೆ ರೋಗ ಅಂಟುತ್ತದೆಯೇ ಎಂಬ ಅನುಮಾನ ಆಶಾ ಕಾರ್ಯಕರ್ತೆಯರಲ್ಲಿ ಕೆಲವರಿಗಿತ್ತು. ನಾಲಿಗೆ ನುಂಗಿಬಿಡುತ್ತಾರೆ ಎಂಬ ಭಯ ನಮ್ಮ ನರ್ಸ್‌ಗಳಿಗೂ ಇತ್ತು. ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳ ಜೊತೆ ಮೂರ್ಛೆರೋಗವನ್ನೂ ಗುರುತಿಸಿ ನಿಭಾಯಿಸಲು ಕಲಿಸಿತ್ತು ಎಂದು ಓದುವಾಗ ಬರೆದುಕೊಂಡಿದ್ದೆ. ಆದರೆ ಕಣ್ಣೆದುರು ಫಿಟ್ಸ್ ಬಂದವರನ್ನು ಪಕ್ಕಕ್ಕೆ ಹೊರಳಿಸಿದ ಅನುಭವ ಇಂಟರ್ನ್‌ಶಿಪ್ ಮುಗಿಯುವವರೆಗೂ ನನಗೇ ಇರಲಿಲ್ಲ, ಏಕೆಂದರೆ ರೋಗಿಗಳು ನಮ್ಮಲ್ಲಿಗೆ ಬರುವಷ್ಟರಲ್ಲಿ ಫಿಟ್ಸ್ ನಿಂತುಹೋಗಿರುತ್ತಿತ್ತು.

ಎರಡನೆಯ ಸಲ ಸಭಾಂಗಣ ಬಿಟ್ಟು ಒಂದೊಂದೇ ಶಾಲೆಯ ಪಡಸಾಲೆಯಲ್ಲಿ ಜಮಖಾನ ಹಾಸಿದೆವು. ಬಿಸಿಯೂಟದ ಅಡುಗೆಯವರನ್ನೂ ಕರೆದೆವು. ಉಳ್ಳಾಗಡ್ಡಿ ಅಲ್ಲಿಂದಲೇ ಬರುತ್ತದಲ್ಲ. ಒಬ್ಬ ಆಶಾ ಕಾರ್ಯಕರ್ತೆ ಕೆಳಗೆ ಬಿದ್ದು ಕೈಕಾಲು ಬಡಿಯುವಂತೆ ಅಭಿನಯಿಸಿದರು, ಉಳಿದವರು ಮೂರು ಕೆಲಸ ಹಂಚಿಕೊಂಡರು. ಒಬ್ಬರು ಸುತ್ತಲಿನ ಕಲ್ಲು, ಬೆಂಚು ಸರಿಸಿ, ತಲೆಯ ಕೆಳಗೆ ಮಡಿಸಿದ ಟವೆಲ್ ಇಟ್ಟು, ಕುತ್ತಿಗೆಯ ಗುಂಡಿ ಬಿಚ್ಚಿ, ಜೊಲ್ಲು ಹೊರಗೆ ಹರಿದುಹೋಗುವಂತೆ ಮಗುವನ್ನು ಪಕ್ಕಕ್ಕೆ ಹೊರಳಿಸಬೇಕು. ಇನ್ನೊಬ್ಬರು ಉಳಿದ ಮಕ್ಕಳನ್ನು ದೂರ ಕರೆದೊಯ್ಯಬೇಕು. ಮೂರನೆಯವರು ಗಡಿಯಾರ ನೋಡಬೇಕು, ಜೊತೆಗೆ ಮೊಬೈಲಿನಲ್ಲಿ ಸ್ವಲ್ಪ ವಿಡಿಯೊ ಮಾಡಬೇಕು. ವೈದ್ಯರಿಗೆ ಆ ವಿಡಿಯೊ ಹತ್ತು ಜನರ ವರ್ಣನೆಗಿಂತ ಹೆಚ್ಚು ಹೇಳುತ್ತದೆ. (ಅದು ವೈದ್ಯರಿಗೆ ಮತ್ತು ತಂದೆತಾಯಿಗೆ ಮಾತ್ರ, ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬಾರದೆಂದು ಬಿಡಿಸಿ ಹೇಳಬೇಕಾಗಿ ಬಂತು.)

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಗಡಿಯಾರ. ಬಹುತೇಕ ಫಿಟ್ಸ್ ಎರಡು ಮೂರು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ, ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕು ಎಂದು ಬಾಯಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಹಾಗಾಗಿ ಮಲಗಿದ ಕಾರ್ಯಕರ್ತೆ ನಡುಗುತ್ತಿರುವಾಗ ಯಾರೂ ಮಾತಾಡದೆ ಗೋಡೆಯ ಗಡಿಯಾರವನ್ನೇ ನೋಡುತ್ತಾ ಕೂರಬೇಕೆಂದು ಹೇಳಿದೆ. ಒಂದೂವರೆ ನಿಮಿಷಕ್ಕೇ ಅಡುಗೆಯ ಅಕ್ಕ ಒಬ್ಬರು "ಸಾಕ್ರೀ, ಐದು ಆತು" ಎಂದರು. ಎಲ್ಲರೂ ನಕ್ಕರು, ಆದರೆ ಗಾಬರಿಯಲ್ಲಿ ಹೊತ್ತು ಹೇಗೆ ಹಿಗ್ಗುತ್ತದೆ ಎಂಬುದು ಅವತ್ತು ಎಲ್ಲರಿಗೂ ತಿಳಿಯಿತು. ಮೊದಲ ಸಲ ಬಂದ ಫಿಟ್ಸ್, ಎಚ್ಚರ ಬರುವ ಮುನ್ನವೇ ಮತ್ತೆ ಬಂದದ್ದು, ತಲೆಗೆ ಪೆಟ್ಟಾದದ್ದು, ಇವಕ್ಕೆ ಗಡಿಯಾರ ನೋಡುತ್ತ ಕೂರದೆ ಕೂಡಲೇ 108ಕ್ಕೆ ಕರೆ ಮಾಡಬೇಕೆಂಬುದನ್ನೂ ಸೇರಿಸಿದೆ. ಪೂರ್ತಿ ಎಚ್ಚರವಾಗುವವರೆಗೆ ನೀರು ಕುಡಿಸಬಾರದು ಎಂಬುದನ್ನು ಒಪ್ಪಿಸಲು ಮಾತ್ರ ಇವತ್ತಿಗೂ ಹೆಣಗಬೇಕು. ನಮ್ಮ ಕಡೆ ಬಿದ್ದವರಿಗೆ ಮೊದಲು ನೀರು ಕೊಡುವುದೇ ರೂಢಿ.

ಈ ಪಡಸಾಲೆ ತರಬೇತಿಯಿಂದ ನಾನು ನಿರೀಕ್ಷಿಸದ ಒಂದು ಫಲವೂ ಬಂತು. ಬೀಳದೆ, ನಡುಗದೆ, ಕೆಲವು ಕ್ಷಣ ಶೂನ್ಯದತ್ತ ದಿಟ್ಟಿಸಿ ಮರಳುವ ಬಗೆಯ ಮೂರ್ಛೆಯೂ ಇದೆ ಎಂದು ನಡುವೆ ಹೇಳಿದ್ದೆ. ನಾಲ್ಕನೆಯ ತರಗತಿಯ ಅಕ್ಕೋರು ಮರುವಾರ ಒಬ್ಬ ಹುಡುಗಿಯ ಉಕ್ತಲೇಖನದ ನೋಟ್‌ಬುಕ್ ಹಿಡಿದುಕೊಂಡು ಆಸ್ಪತ್ರೆಗೇ ಬಂದರು. ಅಕ್ಷರ ದುಂಡಗಿತ್ತು, ಕಾಗುಣಿತ ಸರಿಯಿತ್ತು, ಆದರೆ ಅಲ್ಲಲ್ಲಿ ವಾಕ್ಯದ ನಡುವಿನ ಎರಡು ಮೂರು ಪದಗಳು ಮಾಯವಾಗಿದ್ದವು. ವರ್ಷವಿಡೀ "ಲಕ್ಷ್ಯ ಇಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದವರೂ ಅವರೇ. ಜೋರಾಗಿ ಉಸಿರು ಬಿಡುತ್ತಿದ್ದರೆ ಈ ಬಗೆಯ ಮೂರ್ಛೆ ಎದುರಿಗೇ ಕಾಣಿಸಿಕೊಳ್ಳಬಹುದು, ಹಾಗಾಗಿ ಹುಡುಗಿಯನ್ನು ಎದುರಿಗೆ ಕೂರಿಸಿ, ಕಾಗದದ ಪಟ್ಟಿ ಹಾರುವಂತೆ ಜೋರಾಗಿ ಊದುತ್ತಿರು ಎಂದೆ. ಎರಡನೆಯ ನಿಮಿಷದಲ್ಲಿ ಊದುವುದು ನಿಂತಿತು, ರೆಪ್ಪೆಗಳು ಸಣ್ಣಗೆ ಅದುರಿದವು, ಸ್ವಲ್ಪ ಹೊತ್ತಿಗೆ ಏನೂ ಆಗದವಳಂತೆ ಮತ್ತೆ ಊದತೊಡಗಿದಳು. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಗೆ ವಿಜಯಪುರಕ್ಕೆ ಕಳಿಸಿದೆ. ಈಗ ಮಾತ್ರೆ ನಡೆದಿದೆ, ಉಕ್ತಲೇಖನ ತುಂಬಿ ಬರುತ್ತಿದೆ.

ಮಾತ್ರೆ ನಡೆಸುವುದೇ ದೊಡ್ಡ ಕೆಲಸ. ಸರಿಯಾಗಿ ಚಿಕಿತ್ಸೆ ಸಿಕ್ಕರೆ 70 ಪ್ರತಿಶತದವರೆಗೆ ರೋಗಿಗಳು ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಫಿಟ್ಸ್ ನಿಂತ ಮೇಲೂ ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಮಾತ್ರೆ ನುಂಗಬೇಕು, ತಟ್ಟನೆ ಬಿಟ್ಟರೆ ಮತ್ತೆ ಬರುತ್ತದೆ, ಒಮ್ಮೊಮ್ಮೆ ಮೊದಲಿಗಿಂತ ಜೋರಾಗಿ. ನಮ್ಮ ಭಾಗದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ, ಅಲ್ಲಿ ಮಾತ್ರೆ ತಪ್ಪುತ್ತದೆ. ಕಳೆದ ಹಂಗಾಮಿನಲ್ಲಿ ಇಬ್ಬರು ಮಕ್ಕಳು ಹೋದದ್ದು ನನಗೆ ತಿಳಿದದ್ದೇ ಅವರು ತಿರುಗಿ ಬಂದು ಶಾಲೆಯಲ್ಲಿ ಬಿದ್ದ ಮೇಲೆ. ಆದ್ದರಿಂದ ಈ ವರ್ಷ ಯಾವ ಮಕ್ಕಳು ಹೊರಡಲಿದ್ದಾರೆ ಎಂಬ ಪಟ್ಟಿಯನ್ನು ದಸರೆಗಿಂತ ಮೊದಲೇ ಕೊಡಲು ಮುಖ್ಯ ಗುರುಗಳಿಗೆ ಕೇಳಿದ್ದೇನೆ. ಹೊರಡುವ ಮಕ್ಕಳ ಚೀಟಿಯಲ್ಲಿ ಮಾತ್ರೆಯ ಹೆಸರು ಮತ್ತು ಅಳತೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದುಕೊಡುತ್ತಿದ್ದೇವೆ. ಮರಾಠಿ ಬರೆಯುವವರು ನಮ್ಮ ಲ್ಯಾಬಿನವರು.